ನಿದ್ದೆಯಲ್ಲಿ ನಡೆಯುವ ಮನೆ: ಕಾದಂಬರಿ ಓದಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಸ್ತಕ ಹೊರಗೆ ಬಂದ ಮೇಲೆ ಫೋನಲ್ಲಿ, ವಾಟ್ಸಾಪಲ್ಲಿ, ಸಂಘದ ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ ಒಂದೇ ಥರದ ಪ್ರಶ್ನೆಗಳು ಬರುತ್ತಿವೆ. ಎಲ್ಲಕ್ಕೂ ಇಲ್ಲೇ ಉತ್ತರ ಬರೆದಿಡುತ್ತೇನೆ. ಕೊಂದವರು ಯಾರು ಅಂತ ಎಲ್ಲೂ ಹೇಳಿಲ್ಲ, ಹೆದರಬೇಡಿ. ಆದರೆ ಮಾತ್ರೆಯ ಪ್ರಶ್ನೆಯೊಂದನ್ನು ಮಾತ್ರ ಇನ್ನೂ ಓದದವರು ಹಾರಿಸಿಬಿಡಿ.

ಕಥೆ ಏನು? ಸ್ವಲ್ಪದರಲ್ಲಿ ಹೇಳಿ.

ಮುಂಬೈಯ ಮಾಟುಂಗಾ ಪೂರ್ವದಲ್ಲಿ, ಕಿಂಗ್ಸ್ ಸರ್ಕಲ್ ಹತ್ತಿರ ಲಿಫ್ಟ್ ಇಲ್ಲದ ಹಳೇ ಪಗಡಿ ಬಿಲ್ಡಿಂಗು, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಆಮೇಲೆ ಕಡಿಮೆ ಬಾಡಿಗೆಗೆ ಇರುವಂಥದ್ದು. ಮೂರನೇ ಮಾಳಿಗೆಯಲ್ಲಿ ಉಡುಪಿ ಕಡೆಯಿಂದ ಬಂದ ಹೋಟೆಲಿನವರ ಕೂಡುಕುಟುಂಬ. ಆ ಮನೆಯ ಗಂಡಸರು ಕೆಲವರಿಗೆ ನಿದ್ದೆಯಲ್ಲಿ ಎದ್ದು ನಡೆಯುವ ಕಾಯಿಲೆ ಇದೆ. ಇದು ಮನೆಯವರಿಗೆ ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿಲ್ಲ, ಗೊತ್ತಾಗುವ ಹಾಗೂ ಇಲ್ಲ, ಯಾಕೆಂದರೆ ಮದುವೆ ವಯಸ್ಸಿಗೆ ಬಂದ ಮಕ್ಕಳಿದ್ದಾರೆ. 2005ರ ಜುಲೈ 26ರ ರಾತ್ರಿ, ಮುಂಬೈ ಮುಳುಗಿದ ಆ ರಾತ್ರಿ, ಅಜ್ಜ ಮನೆಯಿಂದ ಹೊರಗೆ ಹೋದವರು ವಾಪಸ್ ಬರಲಿಲ್ಲ. 13 ವರ್ಷ ಕಳೆದ ಮೇಲೆ, 2018ರ ಮಳೆಗಾಲದಲ್ಲಿ, ದೊಡ್ಡ ಮಗ ಬೆಳಗಿನ ಜಾವ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದಾರೆ. ಮನೆಯವರೆಲ್ಲ ಒಂದೇ ಮಾತು ಹೇಳುತ್ತಾರೆ: ಅಪ್ಪನ ಥರಾನೇ ನಿದ್ದೆಗಣ್ಣಲ್ಲಿ ಹೋದ, ಬಿದ್ದ. ಕಿರಿ ಸೊಸೆಗೆ ಮಾತ್ರ ಇದು ಒಪ್ಪಿಗೆಯಾಗುವುದಿಲ್ಲ. ಅವಳು ಶಿರಸಿ ಕಡೆಯವಳು. ಆಸ್ಪತ್ರೆಯೊಂದರ ನಿದ್ದೆ ಲ್ಯಾಬಿನಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ.

ಅವಳಿಗೆ ಯಾಕೆ ಅನುಮಾನ ಬಂತು? ಆ ಅಧ್ಯಾಯ ಎರಡು ಸಲ ಓದಿದರೂ ಅರ್ಥ ಆಗಲಿಲ್ಲ.

ಟೈಮು. ಎಲ್ಲ ಟೈಮಿನಲ್ಲೇ ಇದೆ.

ನಿದ್ದೆ ಅಂದರೆ ರಾತ್ರಿಯಿಡೀ ಒಂದೇ ಥರ ಇರುವುದಿಲ್ಲ. ಸುಮಾರು 90 ನಿಮಿಷದ ಒಂದೊಂದು ಸುತ್ತು, ರಾತ್ರಿಗೆ ನಾಲ್ಕೈದು ಸುತ್ತು. ಗಾಢ ನಿದ್ದೆ ಮೊದಲ ಸುತ್ತುಗಳಲ್ಲೇ ಜಾಸ್ತಿ. ಕನಸಿನ ನಿದ್ದೆ, ಡಾಕ್ಟರುಗಳು ರೆಮ್ ಅನ್ನುವುದು, ಬೆಳಗಿನ ಜಾವಕ್ಕೆ ಉದ್ದ ಆಗುತ್ತಾ ಹೋಗುತ್ತದೆ. ನಿದ್ದೆಯಲ್ಲಿ ನಡೆಯುವುದು ಗಾಢ ನಿದ್ದೆಯ ಕಾಯಿಲೆ. ಮಿದುಳಿನ ಒಂದು ಭಾಗ ಎಚ್ಚರ ಆಗುತ್ತದೆ, ಇನ್ನೊಂದು ಭಾಗ ಮಲಗೇ ಇರುತ್ತದೆ. ಹಾಗಾಗಿ ಅದು ಸಾಮಾನ್ಯವಾಗಿ ಮಲಗಿದ ಒಂದೆರಡು ಗಂಟೆಯೊಳಗೆ, ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ ಬರುತ್ತದೆ. ಕಣ್ಣು ತೆರೆದಿರುತ್ತದೆ, ನೋಟ ಮಾತ್ರ ನಿಮ್ಮ ಮೇಲೆ ಇರುವುದಿಲ್ಲ. ಬಾಗಿಲು ತೆಗೆಯಬಹುದು, ಮೆಟ್ಟಿಲು ಇಳಿಯಬಹುದು. ಬೆಳಿಗ್ಗೆ ಕೇಳಿದರೆ ಹೆಚ್ಚಿನವರಿಗೆ ಏನೂ ನೆನಪಿರುವುದಿಲ್ಲ.

ಇನ್ನೊಂದು ಕಾಯಿಲೆ ಇದೆ. ಕನಸಿನ ನಿದ್ದೆಯಲ್ಲಿ ನಮ್ಮ ಕೈಕಾಲಿನ ಸ್ನಾಯುಗಳು ಸಡಿಲವಾಗಿ ಬಿದ್ದಿರಬೇಕು, ಇಲ್ಲದಿದ್ದರೆ ಕನಸಲ್ಲಿ ಓಡಿದವನು ಹಾಸಿಗೆಯಲ್ಲೂ ಓಡುತ್ತಾನೆ. ಕೆಲವರಲ್ಲಿ ಈ ಬೀಗ ಕೆಲಸ ಮಾಡುವುದಿಲ್ಲ. ಕಣ್ಣು ಮುಚ್ಚಿಕೊಂಡೇ ಒದೆಯುತ್ತಾರೆ, ಗುದ್ದುತ್ತಾರೆ, ಬೈಯುತ್ತಾರೆ. ಎಬ್ಬಿಸಿದರೆ 'ಕಳ್ಳ ಬಂದಿದ್ದ, ಹೊಡೀತಾ ಇದ್ದೆ' ಅಂತ ಕನಸು ಹೇಳುತ್ತಾರೆ. ಜಾಸ್ತಿ ಕಾಣಿಸಿಕೊಳ್ಳುವುದು ಐವತ್ತು ದಾಟಿದ ಗಂಡಸರಲ್ಲಿ, ಹೊತ್ತು ಬೆಳಗಿನ ಜಾವ. ಆದರೆ ಇವರು ಹಾಸಿಗೆಯಿಂದ ಕೆಳಗೆ ಬೀಳಬಹುದೇ ಹೊರತು, ಚಿಲಕ ತೆಗೆದು ಮೂರು ಮಾಳಿಗೆ ಇಳಿದು ಹೋಗುವುದು ತೀರಾ ಅಪರೂಪ.

ಈಗ ದೊಡ್ಡ ಮಗನ ವಿಷಯಕ್ಕೆ ಬನ್ನಿ. ಹತ್ತೂವರೆಗೆ ಮಲಗಿದವರು. ಪಕ್ಕದ ಮನೆಯವರಿಗೆ ಚಿಲಕದ ಸದ್ದು ಕೇಳಿದ್ದು ನಾಲ್ಕು ನಲವತ್ತಕ್ಕೆ. ಮೊದಲನೇ ಕಾಯಿಲೆಗೆ ಹೊತ್ತು ಹೊಂದುವುದಿಲ್ಲ. ಎರಡನೆಯದಕ್ಕೆ ಚಿಲಕ ಮತ್ತು ಮೆಟ್ಟಿಲು ಹೊಂದುವುದಿಲ್ಲ. ಹಾಗಂತ ಅಸಾಧ್ಯ ಅಂತಲ್ಲ, ದೇಹ ರೈಲ್ವೆ ಟೈಮ್ ಟೇಬಲ್ ಅಲ್ಲ. ಸೊಸೆಯೂ ಅಷ್ಟೇ ಹೇಳುತ್ತಾಳೆ: ಆಗಬಹುದು, ಆದರೆ ನಾನು ಮೊದಲು ಬೇರೆ ಕಾರಣ ಹುಡುಕುತ್ತೇನೆ.

ಇದು ನಿಜವಾಗಲೂ ವಂಶದಲ್ಲಿ ಬರುತ್ತದಾ, ಕಥೆಗೆ ಬೇಕು ಅಂತ ಸೇರಿಸಿದ್ದಾ?

ಬರುತ್ತದೆ. ಕೆನಡಾದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಅಪ್ಪ ಅಮ್ಮ ಇಬ್ಬರಿಗೂ ಈ ಇತಿಹಾಸ ಇಲ್ಲದ ಮಕ್ಕಳಲ್ಲಿ ಶೇಕಡ 22.5 ಮಂದಿ ಒಂದಲ್ಲ ಒಂದು ಸಲ ನಿದ್ದೆಯಲ್ಲಿ ನಡೆದಿದ್ದರು. ಒಬ್ಬರಿಗೆ ಇದ್ದರೆ 47.4. ಇಬ್ಬರಿಗೂ ಇದ್ದರೆ 61.5. ಹೆಚ್ಚಿನ ಮಕ್ಕಳಿಗೆ ದೊಡ್ಡವರಾಗುತ್ತಾ ತಾನಾಗಿ ನಿಂತು ಹೋಗುತ್ತದೆ. ನನ್ನ ಕಥೆಯ ಮನೆಯಲ್ಲಿ ಕೆಲವರಿಗೆ ನಿಲ್ಲಲಿಲ್ಲ, ಅಷ್ಟೇ. ಒಂದು ಮಾತು: ಹೆಂಗಸರಿಗೂ ಬರುತ್ತದೆ. 'ನಮ್ಮ ಮನೆ ಗಂಡಸರಿಗೆ ಮಾತ್ರ' ಅಂತ ಅಜ್ಜಿ ಹೇಳುವುದು ಅಜ್ಜಿಯ ಮಾತು, ಲೇಖಕರ ಮಾತಲ್ಲ. ಅದನ್ನು ನಂಬಿದ ಓದುಗರು ಒಂದು ಸುಳಿವು ಕಳೆದುಕೊಂಡರು.

ನಿದ್ದೆಯೇ ಬರದೆ ಸಾಯುವ ಇಟಲಿ ಮನೆತನದ ಕಾಯಿಲೆ ಇದೆಯಲ್ಲ, ಅದನ್ನೇ ಯಾಕೆ ತೆಗೆದುಕೊಳ್ಳಲಿಲ್ಲ?

ಗೊತ್ತು, ಎಲ್ಲರಿಗೂ ಅದು ಗೊತ್ತು. ವೆನಿಸ್ ಕಡೆಯ ಒಂದು ಮನೆತನ, ಬೊಲೊನ್ಯಾದ ಡಾಕ್ಟರು ಎಲಿಯೊ ಲುಗರೇಸಿ ಮತ್ತು ಜೊತೆಗಾರರು 1986ರಲ್ಲಿ ಬರೆದ ವರದಿ. ಪ್ರಿಯಾನ್ ಅನ್ನುವ ಕೆಟ್ಟ ಪ್ರೋಟೀನಿನಿಂದ ಮಿದುಳಿನ ಥಲಾಮಸ್ ಹಾಳಾಗುತ್ತದೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಔಷಧಿ ಇಲ್ಲ. ಭಯಂಕರ ನಿಜ. ಆದರೆ ಪತ್ತೇದಾರಿ ಕಥೆಗೆ ಅದು ಬೇಡ ಅನ್ನಿಸಿತು. ಅಲ್ಲಿ ಕಾಯಿಲೆಯೇ ಕೊಲೆಗಾರ, ಮನೆಯವರಿಗೆ ಮಾಡಲು ಏನೂ ಉಳಿಯುವುದಿಲ್ಲ. ನನಗೆ ಬೇಕಿದ್ದುದು ನಿರಪರಾಧಿ ಕಾಯಿಲೆ. ಅದರ ಹೆಗಲ ಮೇಲೆ ತಪ್ಪು ಹೊರಿಸಲು ಒಬ್ಬರು ಕಾದು ಕೂತಿರಬೇಕು. ಕಾಕತಾಳೀಯ ಅಂದರೆ, ಮೇಲೆ ಹೇಳಿದ ಕನಸಿನ ಕಾಯಿಲೆಯನ್ನು ಅಮೆರಿಕದ ಮಿನೆಸೋಟಾದಲ್ಲಿ ಶೆಂಕ್ ಮತ್ತು ಮಹೋವಾಲ್ಡ್ ಮೊದಲು ವಿವರಿಸಿದ್ದೂ ಅದೇ 1986ರಲ್ಲಿ.

ಅಜ್ಜಿಯ ಲೋಟದ ಉಪಾಯ ಕೆಲಸ ಮಾಡುತ್ತದಾ?

ಇದನ್ನು ಎಷ್ಟು ಜನ ಕೇಳಿದ್ದಾರೆ ಅಂದರೆ, ಕೊಲೆಗಿಂತ ಲೋಟವೇ ಪ್ರಸಿದ್ಧ ಆಗಿದೆ!

ಓದದವರಿಗೆ: ಅಜ್ಜಿ ದಿನಾ ರಾತ್ರಿ ಮುಂಬಾಗಿಲಿನ ಚಿಲಕ ಹಾಕಿ, ಅದರ ಹಿಡಿಗೆ ಮಲ್ಲಿಗೆ ಕಟ್ಟುವ ಬಾಳೆನಾರು ಗಂಟು ಹಾಕುತ್ತಾರೆ. ನಾರಿನ ಇನ್ನೊಂದು ತುದಿ ಸ್ಟೂಲಿನ ಮೇಲೆ ಒಂದರ ಮೇಲೊಂದು ಇಟ್ಟ ಎರಡು ಸ್ಟೀಲ್ ಲೋಟದ ಸುತ್ತ. ಮೇಲಿನ ಲೋಟದೊಳಗೆ ನಾಲ್ಕಾಣೆಯ ಹಳೇ ನಾಣ್ಯಗಳು. ಚಿಲಕ ಸರಿದರೆ ನಾರು ಎಳೆಯುತ್ತದೆ, ಲೋಟ ಮೊಸಾಯಿಕ್ ನೆಲಕ್ಕೆ ಬೀಳುತ್ತದೆ, ಇಡೀ ಮಾಳಿಗೆ ಎದ್ದು ಕೂರುತ್ತದೆ. ನಾರು ಒಣಗಿದರೆ ಪಟ್ ಅಂತ ತುಂಡಾಗುತ್ತದೆ ಅಂತ ಅಜ್ಜಿ ಸಂಜೆಯೇ ಅದನ್ನು ನೀರಲ್ಲಿ ನೆನೆಸಿಡುತ್ತಾರೆ. ಘಟನೆ ನಡೆದ ಬೆಳಿಗ್ಗೆ ಲೋಟ ಎರಡೂ ಸ್ಟೂಲಿನ ಮೇಲೇ ಇದ್ದವು. ನಾರು ತುಂಡಾಗಿತ್ತು. ಒದ್ದೆಯಾಗಿಯೇ ಇತ್ತು.

ಕೆಲಸ ಮಾಡುತ್ತದಾ ಅಂದರೆ, ಹೌದು, ಎಚ್ಚರಿಸುವುದು ಮನೆಯವರನ್ನು. ಬಾಗಿಲಿಗೆ ಗಂಟೆ ಅಥವಾ ಅಲಾರಾಂ ಹಾಕಿ ಅಂತ ಡಾಕ್ಟರುಗಳೂ ಹೇಳುತ್ತಾರೆ. ಅಜ್ಜಿಯದ್ದು ಅದೇ, ಬ್ಯಾಟರಿ ಇಲ್ಲದ್ದು.

ಪ್ರಶ್ನೆ ಇಡಿಸುವುದು (ಜ್ಯೋತಿಷಿಯ ಹತ್ತಿರ ಕಾರಣ ಕೇಳುವುದು), ನಾಗನಿಗೆ ತನು ತಂಬಿಲ (ಹಾಲೆರೆದು ಮಾಡುವ ಪೂಜೆ) ಇವೆಲ್ಲ ತಂದು ನಮ್ಮ ನಂಬಿಕೆಗೆ ತಮಾಷೆ ಮಾಡಿದ್ದೀರಾ?

ಇಲ್ಲ. ಊರಿನಿಂದ ಬಂದ ಮನೆಯಲ್ಲಿ ರಾತ್ರಿ ಒಬ್ಬರು ಎದ್ದು ಸುಮ್ನೆ ಗೋಡೆ ನೋಡುತ್ತಾ ನಿಂತರೆ, ಮೊದಲು ಬರುವ ಮಾತು 'ಗಾಳಿ ಸೋಕಿದೆ' ಅಂತಲೇ. ಅಜ್ಜಿ ಹರಕೆ ಹೊತ್ತರು, ಊರಿಗೆ ಹೋಗಿ ಪ್ರಶ್ನೆ ಇಡಿಸಿದರು, ತಂಬಿಲ ಕೊಟ್ಟರು. ಅದರಿಂದ ಯಾರಿಗೂ ಕೆಡುಕಾಗಲಿಲ್ಲ. ಗಮನಿಸಿ ಓದಿದರೆ, ಆ ಮನೆಯಲ್ಲಿ ಕಾಯಿಲೆಯ ಬಗ್ಗೆ ಬಾಯಿಬಿಟ್ಟು ಮಾತಾಡಿದ ಒಬ್ಬರೇ ಒಬ್ಬರು ಅಜ್ಜಿ. ದೈವದ ಮುಂದೆ ಹೇಳಿದರು, ಅಷ್ಟೇ. ಬಾಯಿ ಮುಚ್ಚಿಸಿದ್ದು ಓದಿದ ಗಂಡು ಮಕ್ಕಳು. 'ಜಾತಕ ಕೇಳಿಕೊಂಡು ಬರುವವರು ಏನಂದುಕೊಳ್ಳುತ್ತಾರೆ' ಅಂತ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗದೇ ಇದ್ದದ್ದೂ ಅವರೇ. ಕಾಗದದಲ್ಲಿ ಬರೆದರೆ ಉಳಿದುಬಿಡುತ್ತದಲ್ವಾ?

ಕೊಂದವರಿಗೆ ಅನುಕೂಲ ಆಗಿದ್ದೇ ಇದು. ಡಾಕ್ಟರು ನೋಡಿಲ್ಲ, ದಾಖಲೆ ಇಲ್ಲ, ಯಾವಾಗ ನಡೆಯುತ್ತಾರೆ, ಎಷ್ಟು ಹೊತ್ತು, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮುಚ್ಚಿಟ್ಟ ಕಾಯಿಲೆಯ ಮೇಲೆ ಏನು ಬೇಕಾದರೂ ಹೊರಿಸಬಹುದು. ಈ ಕಾದಂಬರಿ ಬರೆಯಬೇಕು ಅನ್ನಿಸಿದ್ದೇ ಇದಕ್ಕೆ. ಉಳಿದದ್ದೆಲ್ಲ ಆಮೇಲೆ ಬಂತು.

ನಿದ್ದೆಯಲ್ಲಿ ಕೊಲೆ ಮಾಡಿದ ಕೇಸು ನಿಜವಾಗಿ ನಡೆದಿದೆಯಾ?

ನಡೆದಿದೆ. ಕೆನಡಾದ ಟೊರಾಂಟೊ ಬಳಿ 1987ರಲ್ಲಿ ಕೆನೆತ್ ಪಾರ್ಕ್ಸ್ ಅನ್ನುವವನು ರಾತ್ರಿ ಎದ್ದು, ಸುಮಾರು 23 ಕಿಲೋಮೀಟರ್ ಕಾರು ಓಡಿಸಿಕೊಂಡು ಹೋಗಿ ಅತ್ತೆಯನ್ನು ಕೊಂದ, ಮಾವನನ್ನು ಗಾಯಗೊಳಿಸಿದ. ಆಮೇಲೆ ತಾನೇ ಪೊಲೀಸ್ ಸ್ಟೇಷನ್ನಿಗೆ ಹೋದ. ಅವನ ಮನೆತನದಲ್ಲೂ ನಿದ್ದೆಯ ತೊಂದರೆ ಜೋರಾಗಿತ್ತು. ಜ್ಯೂರಿ ಬಿಡುಗಡೆ ಮಾಡಿತು, 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಅದನ್ನು ಎತ್ತಿ ಹಿಡಿಯಿತು. ಸೊಸೆ ಇದನ್ನು ಒಂದು ಸಲ ಹೇಳುತ್ತಾಳೆ, ಅಷ್ಟಕ್ಕೇ ಬಿಟ್ಟಿದ್ದೇನೆ. ನನ್ನ ಕಥೆಯಲ್ಲಿ ನಡೆದವನು ಸತ್ತಿದ್ದಾನೆ, ಕೊಂದಿಲ್ಲ.

ಪೊಲೀಸರು ಅಷ್ಟು ಬೇಗ ಕೈತೊಳೆದುಕೊಳ್ಳುತ್ತಾರಾ? ಅನುಮಾನದ ಸಾವುಗಳ ವಿಚಾರಣೆ ಮಾಡುವ ಕೊರೋನರ್ ಎಲ್ಲಿ?

ಮುಂಬೈಯಲ್ಲಿ ಕೊರೋನರ್ ಕೋರ್ಟು 1999ರಲ್ಲೇ ಮುಚ್ಚಿತು. ಆಮೇಲೆ ಇಂಥ ಸಾವುಗಳೆಲ್ಲ ಎಡಿಆರ್, ಅಂದರೆ ಆಕಸ್ಮಿಕ ಸಾವಿನ ವರದಿ. 2018ರಲ್ಲಿ ಅದಕ್ಕೆ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 174. ಮನೆಯವರೇ ಒಕ್ಕೊರಲಿನಿಂದ 'ನಡೆಯುವ ಅಭ್ಯಾಸ ಇತ್ತು' ಅಂದರೆ, ಯಾರ ಮೇಲೂ ಸಂಶಯ ಇಲ್ಲ ಅಂತ ಸಹಿ ಹಾಕಿದರೆ, ಸಬ್ ಇನ್ಸ್‌ಪೆಕ್ಟರು ಇನ್ನೇನು ಮಾಡಬೇಕು? ನಾನು ಅವರನ್ನು ಪೆದ್ದರನ್ನಾಗಿ ತೋರಿಸಿಲ್ಲ. ಮರಾಠಿಯಲ್ಲಿ ಸೊಸೆಗೆ ಅವರು ಹೇಳುವ ಒಂದು ಸಾಲಿನಲ್ಲಿ ಅವರ ಸಂಶಯವೂ ಇದೆ, ಹುಡುಕಿ.

ಅಜ್ಜ ಕಾಣೆಯಾದದ್ದಕ್ಕೂ ಇದಕ್ಕೂ ಏನು ಸಂಬಂಧ?

ಪೂರ್ತಿ ಹೇಳಲಾರೆ. ಎರಡು ಸಂಗತಿ ಮಾತ್ರ. ಒಂದು, 2005ರ ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿದ್ದಿತ್ತು. ಲೋಕಲ್ ರೈಲು ನಿಂತಿತ್ತು. ಕಿಂಗ್ಸ್ ಸರ್ಕಲ್ಲಿನಲ್ಲಿ ಸಾಧಾರಣ ಮಳೆಗೇ ಮೊಣಕಾಲು ನೀರು, ಅವತ್ತಿನ ಕಥೆ ಕೇಳಬೇಡಿ. ಅಂಥ ರಾತ್ರಿ ಕಾಣೆಯಾದವರನ್ನು ಹೇಗೆ ಹೋದರು ಅಂತ ಯಾರೂ ಕೇಳುವುದಿಲ್ಲ. ಎರಡು, ಏಳು ವರ್ಷ ಯಾರ ಸುದ್ದಿ ಅವರ ಸ್ವಂತದವರಿಗೂ ಸಿಗುವುದಿಲ್ಲವೋ ಅವರನ್ನು ಸತ್ತರು ಅಂತ ಭಾವಿಸಲು ಕಾನೂನು ದಾರಿ ಕೊಡುತ್ತದೆ. ಸಾಕ್ಷ್ಯ ಕಾಯ್ದೆಯ ಹಳೇ ಸೆಕ್ಷನ್ 108. ಅಂದರೆ 2012. ಪಗಡಿಯ ಮನೆಯೂ ಹೋಟೆಲಿನ ಜಾಗವೂ ಅಜ್ಜನ ಹೆಸರಲ್ಲಿದ್ದವು. ಹಳೇ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತೇನೆ ಅಂತ ಬಿಲ್ಡರ್ ಬಾಗಿಲು ತಟ್ಟಿದ್ದು ಯಾವ ವರ್ಷ ಅಂತ ನೋಡಿಕೊಳ್ಳಿ. ಮುಂಬೈಯಲ್ಲಿ ಹಳೇ ಬಿಲ್ಡಿಂಗಿನಲ್ಲಿ ಇದ್ದವರಿಗೆ ಇಷ್ಟು ಹೇಳಿದರೆ ಸಾಕು.

ಮಾತ್ರೆಯ ಬಗ್ಗೆ ಬರೆದದ್ದು ನಿಜಾನಾ? (ಓದದವರು ಮುಂದಿನ ಪ್ರಶ್ನೆಗೆ ಹೋಗಿ.)

ನಿಜ. ಝೋಲ್ಪಿಡೆಮ್ ಅನ್ನುವ ನಿದ್ದೆ ಮಾತ್ರೆ ತಿಂದ ಕೆಲವರು ಪೂರ್ತಿ ಎಚ್ಚರ ಇಲ್ಲದೆ ಎದ್ದು ನಡೆಯುವುದು, ಅಡುಗೆ ಮಾಡುವುದು, ಗಾಡಿ ಓಡಿಸುವುದು ವರದಿಯಾಗಿದೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2019ರಲ್ಲಿ ಈ ಮಾತ್ರೆಯ ಮೇಲೆ ತನ್ನ ಅತಿ ದೊಡ್ಡ ಎಚ್ಚರಿಕೆ ಹಾಕಿಸಿತು. ಕಥೆ ನಡೆಯುವುದು 2018ರಲ್ಲಿ, ಆದ್ದರಿಂದ ಸೊಸೆಯ ಬಾಯಲ್ಲಿ ಆ ಮಾತು ಬರುವುದಿಲ್ಲ. ಮಾತ್ರೆ ಸೇರಿದರೆ ಮೊದಲು ಹೇಳಿದ ಹೊತ್ತಿನ ಲೆಕ್ಕ ತಪ್ಪುತ್ತದೆ. ನಾಲ್ಕು ನಲವತ್ತು ಆಗ ವಿಚಿತ್ರ ಅನ್ನಿಸುವುದಿಲ್ಲ.

ಕೆಮಿಸ್ಟ್ ಅಂಗಡಿಯ ರಿಜಿಸ್ಟರೂ ನಿಜವೇ. ಭಾರತದಲ್ಲಿ ಇದು ಶೆಡ್ಯೂಲ್ ಎಚ್1 ಔಷಧಿ. 2014ರಿಂದ ಇಂಥ ಮಾತ್ರೆ ಮಾರುವಾಗ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಅಂತ ಬೇರೆಯೇ ರಿಜಿಸ್ಟರಿನಲ್ಲಿ ಬರೆಯಬೇಕು, ಮೂರು ವರ್ಷ ಇಡಬೇಕು. ಸ್ಟ್ರಿಪ್ಪಿನ ಮೇಲೆ ಕೆಂಪು ಚೌಕದ ಎಚ್ಚರಿಕೆ ಇರುತ್ತದೆ. ಗಲ್ಲಾದ ಡ್ರಾಯರಿನಲ್ಲಿ ಹರಿದ ಸ್ಟ್ರಿಪ್ಪಿನ ಚೂರು ಸಿಗುತ್ತದಲ್ಲ, ಹೆಸರು ಹರಿದು ಹೋಗಿದೆ, ಕೆಂಪು ಗೆರೆಯ ಮೂಲೆ ಉಳಿದಿದೆ. ಮಾಟುಂಗಾದ ಕಚ್ಛೀ ಕೆಮಿಸ್ಟ್ ಆ ಮೂಲೆ ನೋಡಿಯೇ ರಿಜಿಸ್ಟರ್ ತೆಗೆಯುತ್ತಾರೆ. ಅದರಲ್ಲಿ ಯಾರ ಹೆಸರಿತ್ತು ಅನ್ನುವುದಕ್ಕಿಂತ, ಆ ಹೆಸರಿನವರು ಆ ದಿನ ಮುಂಬೈಯಲ್ಲೇ ಇರಲಿಲ್ಲ ಅನ್ನುವುದು ಮುಖ್ಯ.

ನಿದ್ದೆ ಲ್ಯಾಬ್ ಹೀಗೇ ಇರುತ್ತದಾ?

ಹೀಗೇ. ಹೋಟೆಲ್ ರೂಮಿನಂಥ ಒಂದು ಕೋಣೆ, ಮೇಲೆ ಇನ್‌ಫ್ರಾರೆಡ್ ಕ್ಯಾಮೆರಾ. ತಲೆಗೆ, ಕಣ್ಣಿನ ಪಕ್ಕ, ಗದ್ದಕ್ಕೆ, ಕಾಲಿಗೆ ಅಂಟಿನಲ್ಲಿ ತಂತಿಗಳು, ಎದೆ ಹೊಟ್ಟೆಗೆ ಪಟ್ಟಿ, ಬೆರಳಿಗೆ ಆಕ್ಸಿಜನ್ ಕ್ಲಿಪ್ಪು. ಬೆಳಿಗ್ಗೆ ಆ ಅಂಟು ಕೂದಲಿನಿಂದ ಹೋಗಲು ಎರಡು ಸಲ ಶಾಂಪೂ ಬೇಕು, ಉದ್ದ ಕೂದಲಿನವರು ಬೈದುಕೊಂಡೇ ಹೋಗುತ್ತಾರೆ. ಪಕ್ಕದ ಕೋಣೆಯಲ್ಲಿ ಕೂತವರು ಇಡೀ ರಾತ್ರಿಯನ್ನು 30 ಸೆಕೆಂಡಿನ ತುಂಡುಗಳಾಗಿ ನೋಡುತ್ತಾರೆ. ಕನಸಿನ ನಿದ್ದೆ ಬಂದಾಗ ಗದ್ದದ ತಂತಿಯಿಂದ ಸ್ಕ್ರೀನಿನಲ್ಲಿ ಮೂಡುವ ಗೆರೆ ಸಪಾಟಾಗಬೇಕು. ಆಗದಿದ್ದರೆ, ಆ ಎರಡನೇ ಕಾಯಿಲೆ ಇರಬಹುದು. ಸೊಸೆಯ ಕೆಲಸವೇ ಇದು. ಬೇರೆಯವರ ನಿದ್ದೆ ಕಾದು, ಏಳರ ಲೋಕಲ್ಲಿನಲ್ಲಿ ತಾನು ನಿಂತೇ ತೂಕಡಿಸುವವಳು.

ಆ ಹೋಟೆಲ್ ಯಾವುದು? ನಮಗೆ ಗೊತ್ತಾಯಿತು ಬಿಡಿ.

ಗೊತ್ತಾಗಿಲ್ಲ. ಅಂಥ ಹೋಟೆಲ್ ಇಲ್ಲ. ಮುಂಬೈ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಮಾತ್ರ ನಿಜ. ಭಾವುದಾಜಿ ರಸ್ತೆಯಲ್ಲಿದೆ, 1926ರಿಂದ ಇದೆ. ನಾಟಕದ ರಿಹರ್ಸಲ್ ದೃಶ್ಯ ಅಲ್ಲಿ ನಡೆಯುತ್ತದೆ.

ಭಾಷೆ ಯಾಕೆ ಇಷ್ಟು ಕಲಬೆರಕೆ?

ಮನೆಯೊಳಗೆ ತುಳು, ಹೋಟೆಲಿನಲ್ಲಿ ಹಿಂದಿ, ಪೊಲೀಸರ ಹತ್ತಿರ ಮರಾಠಿ, ಸಂಘದಲ್ಲಿ ಕನ್ನಡ. ಇದು ನಮ್ಮ ದಿನಚರಿ. ಖೋಲಿ, ಗಲ್ಲಾ, ಲಫಡಾ ಇಲ್ಲದೆ ಮುಂಬೈ ಕನ್ನಡ ಬರೆಯಲು ನನಗೆ ಬರುವುದಿಲ್ಲ. ಶಿರಸಿಯ ಸೊಸೆಗೆ ತುಳು ಅರ್ಥ ಆಗುವುದಿಲ್ಲ ಅಂತ ಮನೆಯವರು ಅವಳ ಮುಂದೆಯೇ ಮಾತಾಡಿಕೊಳ್ಳುತ್ತಾರೆ. ಅವಳಿಗೆ ಎಷ್ಟು ಅರ್ಥ ಆಗುತ್ತಿತ್ತು ಅನ್ನುವುದು ಹನ್ನೊಂದನೇ ಅಧ್ಯಾಯ.

ನಡೆಯುವವರನ್ನು ಎಬ್ಬಿಸಿದರೆ ಸಾಯುತ್ತಾರಾ?

ಇಲ್ಲ. ಅಜ್ಜಿ ಹಾಗೆ ನಂಬಿದ್ದಾರೆ, ತುಂಬಾ ಜನ ನಂಬಿದ್ದಾರೆ. ಆದರೆ ಹಿಡಿದು ಅಲುಗಾಡಿಸಬೇಡಿ. ಗಾಬರಿಯಾಗಿ ತಳ್ಳಿಬಿಡಬಹುದು, ಹೊಡೆಯಬಹುದು. ಮೆಲ್ಲಗೆ ಮಾತಾಡಿಸಿ ಹಾಸಿಗೆ ಕಡೆ ತಿರುಗಿಸಿ, ಸಾಮಾನ್ಯವಾಗಿ ಬರುತ್ತಾರೆ.

ನಮ್ಮ ಮನೆಯಲ್ಲೂ ಒಬ್ಬರು ಹೀಗೆ ನಡೆಯುತ್ತಾರೆ. ಏನು ಮಾಡಲಿ?

ನಾನು ಡಾಕ್ಟರಲ್ಲ, ಕಾದಂಬರಿ ಬರೆಯುವವರು. ಈ ಪ್ರಶ್ನೆ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಈಗ ಎಲ್ಲಕ್ಕಿಂತ ಜಾಸ್ತಿ ಬರುವುದು ಇದೇ. ಅದೂ ಬೇರೆ ನಂಬರಿನಿಂದ, ಹೆಸರು ಹಾಕದೆ.

ಮೊದಲು ಜಾಗ ಸುರಕ್ಷಿತ ಮಾಡಿ. ಬಾಲ್ಕನಿಗೆ ಬೀಗ, ಕಿಟಕಿಗೆ ಗ್ರಿಲ್ಲು, ಗ್ಯಾಸ್ ರೆಗ್ಯುಲೇಟರ್ ಬಂದ್, ಚಾಕು ಕತ್ತರಿ ಒಳಗೆ, ಸ್ಕೂಟರಿನ ಕೀ ಬೇರೆಯವರ ಹತ್ತಿರ. ಅಂಥವರನ್ನು ಬಂಕ್ ಮಂಚದ ಮೇಲಿನ ಹಾಸಿಗೆಯಲ್ಲಿ ಮಲಗಿಸಬೇಡಿ. ನಿದ್ದೆಗೆಡುವುದು, ಜ್ವರ, ಕುಡಿತ, ಟೆನ್ಷನ್, ಕೆಲವು ಮಾತ್ರೆಗಳು ಇದನ್ನು ಜಾಸ್ತಿ ಮಾಡುತ್ತವೆ. ಗೊರಕೆ ಹೊಡೆದು ಉಸಿರು ನಿಲ್ಲುವ ತೊಂದರೆಯೂ ಹಿಂದೆ ಇರಬಹುದು. ಮಕ್ಕಳು ಅಪರೂಪಕ್ಕೆ ನಡೆದರೆ ಅಷ್ಟು ಗಾಬರಿ ಬೇಡ. ದೊಡ್ಡವರಲ್ಲಿ ಹೊಸದಾಗಿ ಶುರುವಾದರೆ, ಪೆಟ್ಟಾಗುತ್ತಿದ್ದರೆ, ಮನೆ ಬಿಟ್ಟು ಹೊರಗೆ ಹೋಗುತ್ತಿದ್ದರೆ ನರರೋಗದ ಡಾಕ್ಟರಿಗೋ ನಿದ್ದೆಯ ಡಾಕ್ಟರಿಗೋ ತೋರಿಸಲೇಬೇಕು. ಕಣ್ಣು ಮುಚ್ಚಿಕೊಂಡು ಕನಸಲ್ಲಿ ಗುದ್ದುವ ವಯಸ್ಸಾದವರನ್ನಂತೂ ಬೇಗ ತೋರಿಸಿ. ಅದು ಮುಂದೆ ಯಾವತ್ತೋ ಬರುವ ಪಾರ್ಕಿನ್ಸನ್ ಥರದ ಕಾಯಿಲೆಯ ಮುನ್ಸೂಚನೆ ಆಗಿರಬಹುದು. ಹೋಗುವಾಗ ಒಂದು ಕೆಲಸ ಮಾಡಿ: ಎಷ್ಟು ಹೊತ್ತಿಗೆ ಮಲಗಿದರು, ಎಷ್ಟು ಹೊತ್ತಿಗೆ ಎದ್ದರು, ಕಣ್ಣು ತೆರೆದಿತ್ತಾ, ಆಮೇಲೆ ನೆನಪಿತ್ತಾ, ಬರೆದುಕೊಂಡು ಹೋಗಿ. ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ.

ಮದುವೆ ಮಾತುಕತೆಯಲ್ಲಿ ಹೇಳಬೇಕಾ ಅಂತಲೂ ಕೇಳುತ್ತಾರೆ. ಹೇಳಿ. ಪಕ್ಕದಲ್ಲಿ ಮಲಗುವವರಿಗೆ ಗೊತ್ತಿರಬೇಡವಾ?

ಎರಡನೇ ಭಾಗ ಬರುತ್ತದಾ?

ಸೊಸೆ ಲ್ಯಾಬಿನಲ್ಲೇ ಇದ್ದಾಳೆ. ನೋಡೋಣ.

ನಮ್ಮ ಓದುಗರ ಕೂಟಕ್ಕೆ ಬರುತ್ತೀರಾ?

ಡೊಂಬಿವಿಲಿಯಿಂದ ವಿರಾರ್‌ವರೆಗೆ ಎಲ್ಲಿಗಾದರೂ ಬರುತ್ತೇನೆ. ಭಾನುವಾರ ಇಟ್ಟುಕೊಂಡರೆ ನಿಮ್ಮ ಲೈನಿನಲ್ಲಿ ಮೆಗಾಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವುದು) ಇದೆಯಾ ಅಂತ ಮೊದಲೇ ನೋಡಿ ಹೇಳಿ. ಕೊನೆಯ ಅಧ್ಯಾಯದ ಬಗ್ಗೆ ಮಾತು ಬೇಕು ಅಂದರೆ, ಇನ್ನೂ ಓದದವರನ್ನು ಅಷ್ಟು ಹೊತ್ತು ಕಾಫಿಗೆ ಕಳಿಸಿಬಿಡಿ.